ರಾಮಪತ್ರೆಯ ಬಂಧುಬಳಗ: ಎಲೆ, ಹೂವು, ಪತ್ರೆ, ಬೇರುಗಳ ಒಂದು ಹೋಲಿಕೆ

(ಜನತಾ ಜೀವವೈವಿಧ್ಯ ದಾಖಲಾತಿ ಕುರಿತ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಕಾನಿನಲ್ಲಿ ನಿತ್ಯಹಸಿರಿನ ಮರವೊಂದಕ್ಕೆ ಕತ್ತಿಯ ಏಟು ಬಿದ್ದು, ತೊಗಟೆಯಿಂದ ನೆತ್ತರಿನಂಥ ಕೆಂಪು ರಸ ಒಸರಿತೆಂದರೆ ಜೊತೆಯಲ್ಲಿರುವವರು ಒಂದು ಹೆಸರು ಹೇಳುತ್ತಾರೆ. ಒಬ್ಬರು ರಾಮಪತ್ರೆ ಎನ್ನುತ್ತಾರೆ, ಇನ್ನೊಬ್ಬರು ರಕ್ತಮರ ಎನ್ನುತ್ತಾರೆ, ಪಕ್ಕದ ಊರಿನವರು ಅದನ್ನೇ ಪಿಂಡಿ ಎಂದೋ ಕಾಡುಜಾಯಿಕಾಯಿ ಎಂದೋ ಕರೆಯುತ್ತಾರೆ. ಈ ಹೆಸರುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಹೆಸರುಗಳು ಊರಿಂದೂರಿಗೆ ಸ್ಥಳ ಬದಲಿಸುತ್ತವೆ. ಒಂದೇ ಹೆಸರಿನಡಿ ಎರಡು ಮೂರು ಬೇರೆ ಬೇರೆ ಮರಗಳು ಸೇರಿಕೊಳ್ಳುತ್ತವೆ. ಪಶ್ಚಿಮ ಘಟ್ಟದಲ್ಲಿ ಸಹಜವಾಗಿ ಬೆಳೆಯುವ ಈ ಬಳಗದ ಮರಗಳು ಐದು ಎಂಬುದು ಸಸ್ಯಶಾಸ್ತ್ರದ ಸಾಮಾನ್ಯ ಎಣಿಕೆ. ಅವುಗಳಲ್ಲಿ ಕೆಲವು ಇಂದಿಗೂ ಹಲವೆಡೆ ಕಾಣಸಿಗುತ್ತವೆ; ಕೆಲವು ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಉಳಿದಿವೆ.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲೆಯಲ್ಲಿ ಐದು ಮರಗಳ ಬದಲು ‘ರಾಮಪತ್ರೆ – ಇದೆ’ ಎಂದು ಒಂದೇ ಸಾಲು ಬರೆದರೆ ಮುಂದೇನಾಗುತ್ತದೆ? ಅಪರೂಪದ ಮರ ಸಾಮಾನ್ಯ ಮರದ ಹೆಸರಿನ ಹಿಂದೆ ಅಡಗಿಹೋಗುತ್ತದೆ. ನಾಳೆ ಅದು ಇಲ್ಲವಾದರೂ ಕಾಗದದ ಮೇಲೆ ಏನೂ ಕಳೆದುಹೋದಂತೆ ಕಾಣುವುದಿಲ್ಲ. ಆದ್ದರಿಂದ ಹತ್ತಿರದ ಬಂಧುಗಳಾದ ಈ ಮರಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ಗುರುತಿಸುವುದು ಪಂಡಿತರಿಗೆ ಮಾತ್ರ ಸೇರಿದ ಕಸರತ್ತಲ್ಲ. ಅದು ಸಂರಕ್ಷಣೆಯ ಮೊದಲ ಹೆಜ್ಜೆ. ಅದಕ್ಕೆ ಬೇಕಾಗುವುದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಒಂದು ಬ್ಲೇಡು ಮತ್ತು ತಾಳ್ಮೆ.

ಐದು ಬಂಧುಗಳು ಯಾರು?

ಈ ಮರಗಳು ಮಿರಿಸ್ಟಿಕೇಸಿಯೀ ಎಂಬ ಸಸ್ಯಕುಟುಂಬಕ್ಕೆ ಸೇರಿದವು. ಅಡುಗೆಮನೆಯ ಜಾಯಿಕಾಯಿ, ಜಾಯಿಪತ್ರೆಗಳನ್ನು ಕೊಡುವ ಮಿರಿಸ್ಟಿಕಾ ಫ್ರಾಗ್ರನ್ಸ್ ಈ ಕುಟುಂಬದ ಅತ್ಯಂತ ಪ್ರಸಿದ್ಧ ಸದಸ್ಯ. ಅದರ ಮೂಲನೆಲೆ ಇಂಡೋನೇಷ್ಯಾದ ಬಾಂದಾ ದ್ವೀಪಗಳು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಾಣುವ ಜಾಯಿಕಾಯಿ ಮರ ಹೊರಗಿನಿಂದ ಬಂದ ಅತಿಥಿ. ಕಾನಿನ ಐದು ಮರಗಳು ಈ ನೆಲದ ಮಕ್ಕಳು.

ಮೊದಲನೆಯದು ಮಿರಿಸ್ಟಿಕಾ ಮಲಬಾರಿಕಾ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ರಾಮಪತ್ರೆ ಎಂದು ಮಾರಾಟವಾಗುವುದು ಮುಖ್ಯವಾಗಿ ಇದರ ಪತ್ರೆ. ಎರಡನೆಯದು ಮಿರಿಸ್ಟಿಕಾ ಬೆಡ್ಡೋಮಿ. ಭಾರತದ ಹಳೆಯ ಸಸ್ಯಗ್ರಂಥಗಳಲ್ಲಿ ಇದನ್ನು ಡ್ಯಾಕ್ಟಿಲಾಯ್ಡಿಸ್ ಎಂಬ ಪ್ರಭೇದನಾಮದಿಂದ ಕರೆಯಲಾಗಿದೆ. ಮೂರನೆಯದು ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಇದಕ್ಕೆ ಎಲ್ಲೆಡೆ ಸಲ್ಲುವ ಕನ್ನಡ ಹೆಸರಿಲ್ಲದ ಕಾರಣ ಈ ಉಪನ್ಯಾಸದಲ್ಲಿ ಅದನ್ನು ‘ದೊಡ್ಡೆಲೆ ರಾಮಪತ್ರೆ’ ಎಂದು ಕರೆಯಲಾಗಿದೆ. ನಾಲ್ಕನೆಯದು ನೀಮಾ ಅಟೆನ್ಯುಯೇಟಾ, ಅಂದರೆ ರಕ್ತಮರ. ಐದನೆಯದು ಜಿಮ್ನಾಕ್ರಾಂತೆರಾ ಕೆನರಿಕಾ, ಅಂದರೆ ಪಿಂಡಿ. ಇದರ ಪ್ರಭೇದನಾಮದಲ್ಲಿ ಕೆನರಾ ಪ್ರದೇಶದ ಹೆಸರೇ ಇದೆ. ಮೊದಲ ಮೂರು ಒಂದೇ ಕುಲಕ್ಕೆ ಸೇರಿದವು, ಅಂದರೆ ಒಡಹುಟ್ಟಿದವರಿದ್ದಂತೆ. ಉಳಿದೆರಡು ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳಿದ್ದಂತೆ.

ಕುಟುಂಬದ ಸಮಾನ ಲಕ್ಷಣಗಳು

ವ್ಯತ್ಯಾಸ ಹುಡುಕುವ ಮುನ್ನ ಸಾಮ್ಯ ತಿಳಿದಿರಬೇಕು. ಈ ಕುಟುಂಬದ ಮರಗಳಲ್ಲಿ ಕೊಂಬೆಗಳು ಮುಖ್ಯ ಕಾಂಡದಿಂದ ಸುತ್ತುಸುತ್ತಾಗಿ, ಹೆಚ್ಚು ಕಡಿಮೆ ಅಡ್ಡಲಾಗಿ ಹೊರಡುತ್ತವೆ. ಎಳೆಯ ಮರವನ್ನು ದೂರದಿಂದ ನೋಡಿದಾಗ ಅಂತಸ್ತು ಅಂತಸ್ತಾಗಿ ಕೊಡೆ ಬಿಡಿಸಿಟ್ಟಂತೆ ತೋರುತ್ತದೆ. ಎಲೆಗಳು ಬಿಡಿ ಎಲೆಗಳು; ಕಾಂಡದ ಮೇಲೆ ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಜೋಡಣೆಗೊಂಡಿರುತ್ತವೆ. ಅಂಚಿನಲ್ಲಿ ಹಲ್ಲುಗಳಿಲ್ಲ.

ಕೆಂಪು ರಸಕ್ಕೂ ಅಂಗರಚನೆಯಲ್ಲಿ ಆಧಾರವಿದೆ. ತೊಗಟೆಯಲ್ಲಿಯೂ, ಮರದ ಕಟ್ಟಿಗೆಯಲ್ಲಿ ಒಳಗಿನಿಂದ ಹೊರಗೆ ಅಡ್ಡಲಾಗಿ ಸಾಗುವ ಕಿರಣ ಅಂಗಾಂಶದಲ್ಲಿಯೂ ಟ್ಯಾನಿನ್ ತುಂಬಿದ ನಳಿಕೆಗಳಿರುತ್ತವೆ. ಕಿರಣಗಳಲ್ಲಿ ಇಂಥ ನಳಿಕೆಗಳಿರುವುದು ಈ ಕುಟುಂಬದ ಕಟ್ಟಿಗೆಯ ವಿಶೇಷ ಗುರುತು. ಕತ್ತಿಯ ಏಟು ಈ ನಳಿಕೆಗಳನ್ನು ತುಂಡರಿಸಿದಾಗ ರಸ ಹೊರಬರುತ್ತದೆ. ಕೆಂಪು ರಸ ಕಂಡ ಮಾತ್ರಕ್ಕೆ ಎಲ್ಲವೂ ರಾಮಪತ್ರೆಯ ಬಳಗವೆಂದು ತಿಳಿಯಬಾರದು. ಹೊನ್ನೆ ಮರದಲ್ಲಿಯೂ ಕೆಂಪು ರಸ ಬರುತ್ತದೆ. ಆದರೆ ಹೊನ್ನೆಯ ಎಲೆ ಹಲವು ಕಿರುಎಲೆಗಳಿಂದ ಕೂಡಿದ ಸಂಯುಕ್ತ ಎಲೆ. ಇನ್ನೊಂದು ಮಾತು: ಗುರುತು ಹಿಡಿಯಲೆಂದು ಪ್ರತಿ ಮರಕ್ಕೂ ಕತ್ತಿ ಹಾಕುವ ಅಗತ್ಯವಿಲ್ಲ. ಎಳೆಯ ಟೊಂಗೆಯ ತುದಿಯನ್ನು ಉಗುರಿನಿಂದ ಚಿವುಟಿದರೆ ಸಾಕು.

ಎಲೆಯ ಕೆಳಮೈ ಹೇಳುವ ಕಥೆ

ಎಲೆಯ ಮೇಲ್ಮೈಯನ್ನು ನೋಡಿ ಈ ಐದನ್ನು ಬೇರ್ಪಡಿಸುವುದು ಕಷ್ಟ. ಎಲ್ಲವೂ ದಪ್ಪ, ಹಸಿರು, ನುಣುಪು. ಎಲೆಯನ್ನು ಮಗುಚಿದಾಗ ಮಾತ್ರ ಭೇದ ತೆರೆದುಕೊಳ್ಳುತ್ತದೆ.

ರಾಮಪತ್ರೆಯ ಎಲೆಯ ಕೆಳಮೈ ಬೂದಿ ಬಳಿದಂತೆ ಬಿಳಿಚಾಗಿರುತ್ತದೆ. ಬಲಿತ ಎಲೆಯಲ್ಲಿ ರೋಮಗಳು ಇಲ್ಲವೆನ್ನುವಷ್ಟು ಕಡಿಮೆ. ದೊಡ್ಡೆಲೆ ರಾಮಪತ್ರೆಯಲ್ಲಿ ಎಲೆ ಒಂದು ಮೊಳದವರೆಗೂ ಬೆಳೆಯಬಲ್ಲದು. ಎಳೆಯ ಟೊಂಗೆಯ ಮೇಲೆ, ಎಲೆಯ ಕೆಳಮೈಯಲ್ಲಿ ತುಕ್ಕಿನ ಬಣ್ಣದ ನವಿರು ರೋಮಗಳ ಹೊದಿಕೆ ಇರುತ್ತದೆ. ಬೆರಳಾಡಿಸಿದರೆ ಮಖಮಲ್ಲಿನ ಸ್ಪರ್ಶ. ರಕ್ತಮರದ ಎಲೆ ಉದ್ದವಾಗಿ ಕಿರಿದಾಗಿರುತ್ತದೆ. ನಡುನರದಿಂದ ಹೊರಡುವ ಪಕ್ಕದ ನರಗಳು ಹತ್ತಿರ ಹತ್ತಿರವಾಗಿ, ಸಮಾಂತರವಾಗಿ, ಬಾಚಣಿಗೆಯ ಹಲ್ಲುಗಳಂತೆ ಸಾಗುತ್ತವೆ. ಕೆಳಮೈ ಇದರಲ್ಲಿಯೂ ಬಿಳಿಚು. ಆದರೆ ಚಿಗುರು ಭಾಗಗಳ ಮೇಲೆ ತುಕ್ಕಿನ ಬಣ್ಣದ ರೋಮಗಳಿವೆ. ಮಸೂರದಲ್ಲಿ ನೋಡಿದರೆ ಒಂದೊಂದು ರೋಮವೂ ನಕ್ಷತ್ರದಂತೆ ಕವಲೊಡೆದಿರುವುದು ಕಾಣುತ್ತದೆ. ಪಿಂಡಿಯ ಎಲೆಯ ಮೇಲ್ಮೈ ಹೊಳೆಯುತ್ತದೆ, ಕೆಳಮೈ ಬೂದು ಬಿಳುಪಾಗಿರುತ್ತದೆ. ರಕ್ತಮರದಷ್ಟು ನರಗಳ ದಟ್ಟಣೆ ಅದರಲ್ಲಿಲ್ಲ.

ಈ ಬಿಳಿಚು ಬಣ್ಣವೇನು? ಅದು ಧೂಳಲ್ಲ, ರೋಗವೂ ಅಲ್ಲ. ಎಲೆಯ ಹೊರಪದರದ ಕೋಶಗಳ ಮೇಲೆ ಮೇಣದಂಥ ಹೊರಪೊರೆ ಇರುತ್ತದೆ. ಈ ಕುಟುಂಬದ ಅನೇಕ ಪ್ರಭೇದಗಳಲ್ಲಿ ಕೆಳಮೈಯ ಹೊರಪೊರೆ ಜೇನುಹುಟ್ಟಿನಂತೆ ಸೂಕ್ಷ್ಮ ಗೂಡುಗಳಿಂದ ಕೂಡಿರುವುದನ್ನು ಸಸ್ಯ ಅಂಗರಚನಾಶಾಸ್ತ್ರಜ್ಞರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗುರುತಿಸಿದ್ದಾರೆ. ಗಾಳಿ ತುಂಬಿದ ಈ ನುಣುಪಿಲ್ಲದ ಪದರದ ಮೇಲೆ ಬಿದ್ದ ಬೆಳಕು ಚದುರುವುದರಿಂದ ಕಣ್ಣಿಗೆ ಬಿಳುಪು ಕಾಣುತ್ತದೆ. ಎಲೆ ಉಸಿರಾಡುವ ಪತ್ರರಂಧ್ರಗಳು ಇರುವುದೂ ಕೆಳಮೈಯಲ್ಲಿಯೇ. ತಿಂಗಳುಗಟ್ಟಲೆ ಮಳೆ ಸುರಿಯುವ ಕಾನಿನಲ್ಲಿ ನೀರಿನ ಹನಿ ರಂಧ್ರದ ಬಾಯಿಗೆ ಅಂಟಿ ನಿಲ್ಲದಂತೆ ನೋಡಿಕೊಳ್ಳುವುದು, ಬಿಸಿಲಿನ ದಿನಗಳಲ್ಲಿ ನೀರಿನ ನಷ್ಟ ತಗ್ಗಿಸುವುದು ಇಂಥ ಮೇಣದ ಹೊದಿಕೆಗಳ ಕೆಲಸ.

ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದ ಒಂದು ಪ್ರಯೋಗವಿದೆ. ಎಲೆಯ ಕೆಳಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಣ್ಣವಿಲ್ಲದ ನೇಲ್ ಪಾಲಿಶನ್ನು ತೆಳ್ಳಗೆ ಹಚ್ಚಬೇಕು. ಒಣಗಿದ ಮೇಲೆ ಪಾರದರ್ಶಕ ಅಂಟುಪಟ್ಟಿಯಿಂದ ಆ ಪೊರೆಯನ್ನು ಎತ್ತಿ ಗಾಜಿನ ಪಟ್ಟಿಕೆಯ ಮೇಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊರಪದರದ ಅಚ್ಚು ಅಲ್ಲಿ ಮೂಡಿರುತ್ತದೆ. ಎರಡು ಕಾವಲು ಕೋಶಗಳ ನಡುವೆ ಪತ್ರರಂಧ್ರ, ಅವುಗಳ ಎರಡೂ ಬದಿಗೆ ಸಮಾಂತರವಾಗಿ ಒಂದೊಂದು ಜೊತೆಕೋಶ ಇರುವುದು ಈ ಕುಟುಂಬದ ಮಾದರಿ. ಅದೇ ಎಲೆಯ ಚೂರನ್ನು ಆಲೂಗಡ್ಡೆಯ ಸೀಳಿನ ನಡುವೆ ಸಿಕ್ಕಿಸಿ ಬ್ಲೇಡಿನಿಂದ ಅತಿ ತೆಳುವಾದ ಅಡ್ಡಸೀಳು ತೆಗೆದರೆ, ಒಳಗಿನ ಹಸಿರು ಕೋಶಗಳ ನಡುವೆ ದುಂಡಗಿನ ತೈಲಕೋಶಗಳು ಕಾಣುತ್ತವೆ. ಎಲೆ ಹಿಸುಕಿದಾಗ ಬರುವ ನಸುಗಂಪಿನ ಮೂಲ ಅವು.

ಹೂವಿನ ಒಳಗಿನ ಭೇದ

ಸಸ್ಯಶಾಸ್ತ್ರಜ್ಞರು ಈ ಮರಗಳನ್ನು ಮೂರು ಬೇರೆ ಕುಲಗಳಲ್ಲಿ ಇಟ್ಟಿರುವುದಕ್ಕೆ ಆಧಾರ ಹೂವು. ಹೂಗಳು ಕಿರಿದು, ಮೊಗ್ಗಿನಂತೆ ದುಂಡಗೆ, ತುದಿಯಲ್ಲಿ ಸಾಮಾನ್ಯವಾಗಿ ಮೂರು ಹಾಳೆಗಳಾಗಿ ತೆರೆದುಕೊಳ್ಳುವಂಥವು. ಎದ್ದುಕಾಣುವ ಬಣ್ಣದ ಎಸಳುಗಳಿಲ್ಲ. ಹಾಗಾಗಿ ಕಾನಿನಲ್ಲಿ ಓಡಾಡುವವರೂ ಈ ಹೂವನ್ನು ಗಮನಿಸುವುದು ಅಪರೂಪ. ಚಿಕ್ಕ ಜೀರುಂಡೆಗಳು, ನುಸಿಗಳು ಮಾತ್ರ ಗಂಧ ಹಿಡಿದು ಬರುತ್ತವೆ.

ಗಂಡು ಹೂವನ್ನು ಉದ್ದಕ್ಕೆ ಸೀಳಿದರೆ ನಡುವೆ ಒಂದು ಪುಟ್ಟ ಕಂಬ ಕಾಣುತ್ತದೆ. ಕೇಸರಗಳ ದಂಟುಗಳೆಲ್ಲ ಒಂದಾಗಿ ಬೆಸೆದುಕೊಂಡು ಆದ ಕಂಬ ಅದು. ಮಿರಿಸ್ಟಿಕಾ ಕುಲದಲ್ಲಿ ಪರಾಗಕೋಶಗಳು ಕಂಬದ ಉದ್ದಕ್ಕೂ ಅಂಟಿಕೊಂಡಿರುತ್ತವೆ. ಕಂಬದ ತುದಿ ಮಾತ್ರ ಪರಾಗವಿಲ್ಲದೆ ಬರಿದಾಗಿ ಚಾಚಿರುತ್ತದೆ. ಪಿಂಡಿಯಲ್ಲಿ ಪರಾಗಕೋಶಗಳ ತುದಿಗಳು ಬಿಡಿಬಿಡಿಯಾಗಿರುತ್ತವೆ. ಜಿಮ್ನಾಕ್ರಾಂತೆರಾ ಎಂಬ ಗ್ರೀಕ್ ಮೂಲದ ಹೆಸರೂ ಬರಿದಾದ ತುದಿಯ ಪರಾಗಕೋಶ ಎಂಬ ಅರ್ಥವನ್ನೇ ಸೂಚಿಸುತ್ತದೆ. ರಕ್ತಮರದಲ್ಲಿ ಕಂಬದ ತುದಿ ತಟ್ಟೆಯಂತೆ ಅಗಲವಾಗಿ, ಅದರ ಅಂಚಿನಲ್ಲಿ ಪರಾಗಕೋಶಗಳು ನಕ್ಷತ್ರದ ಮೊನೆಗಳಂತೆ ಸುತ್ತಲೂ ಹರಡಿರುತ್ತವೆ.

ಹೂವನ್ನು ಸೀಳದೆಯೂ ತಿಳಿಯುವ ಒಂದು ಗುರುತಿದೆ. ಅದು ಹೂದೊಟ್ಟಿನ ಮೇಲಿನ ಸಣ್ಣ ಹುರುಪೆ. ಮಿರಿಸ್ಟಿಕಾದಲ್ಲಿ ಅದು ಹೂವಿನ ಬುಡಕ್ಕೆ ತಾಗಿಕೊಂಡೇ ಇರುತ್ತದೆ. ರಕ್ತಮರದಲ್ಲಿ ಹೂವಿನಿಂದ ಕೆಳಗೆ, ತೊಟ್ಟಿನ ಮೇಲೆ ಇರುತ್ತದೆ. ಪಿಂಡಿಯಲ್ಲಿ ಆ ಹುರುಪೆಯೇ ಇಲ್ಲ. ಮಸೂರ ಹಿಡಿದವರಿಗೆ ಇದು ಅರ್ಧ ನಿಮಿಷದ ಕೆಲಸ.

ಐದರಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ರಾಮಪತ್ರೆ ಮತ್ತು ಬೆಡ್ಡೋಮಿ ಎಂಬ ಒಂದೇ ಕುಲದ ಜೋಡಿ. ಎಲೆ ಮಾತ್ರ ಕೈಯಲ್ಲಿದ್ದರೆ ಇವುಗಳನ್ನು ಖಚಿತವಾಗಿ ಬೇರ್ಪಡಿಸಲು ಹೊರಡಬಾರದು. ರಾಮಪತ್ರೆಯ ಗಂಡುಹೂಗೊಂಚಲಿನ ತೊಟ್ಟು ಕವಲೊಡೆದು ಹರಡಿರುತ್ತದೆ. ಬೆಡ್ಡೋಮಿಯಲ್ಲಿ ಗಿಡ್ಡನೆಯ, ದಪ್ಪನೆಯ, ಗಂಟಿನಂಥ ತೊಟ್ಟಿನ ತುದಿಯಲ್ಲಿ ಹೂಗಳು ಗುಂಪಾಗಿ ಏಳುತ್ತವೆ. ರಾಮಪತ್ರೆಯ ಕಾಯಿ ಉದ್ದುದ್ದ. ಬೆಡ್ಡೋಮಿಯದು ಹೆಚ್ಚು ದುಂಡು.

ಗಂಡುಮರ ಗೊಡ್ಡುಮರವಲ್ಲ

ಹೂವಿನ ಮಾತು ಬಂದಾಗ ಅತ್ಯಂತ ಮುಖ್ಯವಾದ ವಿಷಯವೊಂದನ್ನು ಹೇಳಲೇಬೇಕು. ಈ ಐದೂ ಮರಗಳಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಗಂಡುಮರ ಕಾಯಿ ಬಿಡುವುದಿಲ್ಲ. ವರ್ಷಾನುಗಟ್ಟಲೆ ಕಾಯಿ ಬಿಡದ ಮರವನ್ನು ಗೊಡ್ಡೆಂದು ಬಗೆದು ಬೆಟ್ಟದಲ್ಲಿ, ತೋಟದ ಅಂಚಿನಲ್ಲಿ ಕಡಿದುಹಾಕಿದರೆ ಉಳಿದ ಹೆಣ್ಣುಮರಗಳಿಗೆ ಪರಾಗವೇ ದೊರೆಯದು. ಪರಾಗವನ್ನು ಒಯ್ಯುವವು ಬಹುದೂರ ಹಾರಲಾರದ ಪುಟ್ಟ ಕೀಟಗಳು. ಹತ್ತಿರದ ಗಂಡುಮರ ಹೋಯಿತೆಂದರೆ ಹೆಣ್ಣುಮರದ ಇಳುವರಿಯೂ ಕುಸಿಯುತ್ತದೆ. ಜಾಯಿಕಾಯಿ ತೋಟಗಳಲ್ಲಿ ಸುಮಾರು ಹತ್ತು ಹೆಣ್ಣುಮರಗಳಿಗೆ ಒಂದು ಗಂಡುಮರವನ್ನಾದರೂ ಉಳಿಸಿಕೊಳ್ಳಬೇಕೆಂದು ಕೃಷಿತಜ್ಞರು ಸಲಹೆ ನೀಡುವುದು ಇದೇ ಕಾರಣಕ್ಕೆ.

ಹೂ ಬಿಡುವ ಮೊದಲು ಸಸಿಯ ಎಲೆಯನ್ನು ನೋಡಿ ಗಂಡು ಹೆಣ್ಣು ತೀರ್ಮಾನಿಸಲಾಗದು. ಹೂ ಬಿಟ್ಟ ಮೇಲೆ ಕಷ್ಟವಿಲ್ಲ. ಗಂಡುಮರದಲ್ಲಿ ಗೊಂಚಲಿನ ಹೂಗಳ ಸಂಖ್ಯೆ ಹೆಚ್ಚು, ಒಂದೊಂದು ಹೂವೂ ಸಪೂರ. ಹೆಣ್ಣುಮರದಲ್ಲಿ ಹೂಗಳು ಕಡಿಮೆ, ಬುಡ ಉಬ್ಬಿರುತ್ತದೆ. ಉಗುರಿನಿಂದ ಬಿಡಿಸಿದಾಗ ಕಂಬ ಕಂಡರೆ ಗಂಡು. ದುಂಡಗಿನ ಅಂಡಾಶಯ ಕಂಡರೆ ಹೆಣ್ಣು. ಕೊಡಲಿ ಎತ್ತುವ ಮುನ್ನ ಒಂದು ಹೂವನ್ನು ಬಿಡಿಸಿ ನೋಡುವ ರೂಢಿ ಬೆಳೆದರೆ ಎಷ್ಟೋ ಮರಗಳು ಉಳಿಯುತ್ತವೆ.

ಕಾಯಿ, ಬೀಜ ಮತ್ತು ಪತ್ರೆ

ಬಲಿತ ಕಾಯಿ ಎರಡು ಹೋಳಾಗಿ ಬಿರಿಯುತ್ತದೆ. ಒಳಗೆ ಒಂದೇ ಬೀಜ, ಅದರ ಸುತ್ತ ಬಣ್ಣದ ಪತ್ರೆ. ಬೀಜದ ಬುಡದಿಂದ ಮೇಲೆದ್ದು ಬೀಜವನ್ನು ಅಪ್ಪಿಕೊಳ್ಳುವ ಈ ಹೊದಿಕೆಯೇ ಮಾರುಕಟ್ಟೆಯ ಸರಕು. ಹೆಸರಿನಲ್ಲಿ ಪತ್ರೆ ಇದ್ದರೂ ಅದು ಎಲೆಯಲ್ಲ.

ತೋಟದ ಜಾಯಿಕಾಯಿಯಲ್ಲಿ ಪತ್ರೆ ಕಡುಗೆಂಪು, ಜಾಲರಿಯಂತೆ ಸೀಳಿ ಬೀಜವನ್ನು ಸುತ್ತಿಕೊಂಡಿರುತ್ತದೆ. ರಾಮಪತ್ರೆಯಲ್ಲಿ ಹಸಿಯ ಪತ್ರೆ ಹಳದಿ; ಸೀಳುಗಳು ಬೀಜದ ತುದಿಯವರೆಗೆ ಏರಿ, ಅಲ್ಲಿ ಒಂದರ ಮೇಲೊಂದು ಹುರಿಗೊಂಡು ಶಂಕುವಿನಂತೆ ಮುಚ್ಚಿಕೊಳ್ಳುತ್ತವೆ. ಒಣಗಿದಾಗ ಬಣ್ಣ ಗಾಢವಾಗುತ್ತದೆ. ಪಿಂಡಿಯ ಕಾಯಿ ಚಿಕ್ಕದು, ದುಂಡು. ಪತ್ರೆ ಬುಡದವರೆಗೂ ಸೀಳಿರುತ್ತದೆ. ಅದರ ಬೀಜದ ಕೊಬ್ಬನ್ನು ಹಿಂದೆ ದೀಪ, ಮೇಣದಬತ್ತಿಗಳಿಗೆ ಬಳಸುತ್ತಿದ್ದುದುಂಟು. ರಕ್ತಮರದ ಕಾಯಿಯ ಹೊರಮೈ ತುಕ್ಕುಬಣ್ಣದ ರೋಮಗಳಿಂದ ಕೂಡಿದ್ದು, ಕೆಂಪು ಪತ್ರೆ ಬಹುಪಾಲು ಇಡಿಯಾಗಿ ಬೀಜವನ್ನು ಮುಚ್ಚಿ ತುದಿಯಲ್ಲಿ ಮಾತ್ರ ಸೀಳಿರುತ್ತದೆ.

ಜಾಯಿಕಾಯಿಯ ಬೀಜವನ್ನು ಅಡ್ಡಲಾಗಿ ಕತ್ತರಿಸಿದಾಗ ಅಮೃತಶಿಲೆಯಂತೆ ಕಂದು, ಬಿಳಿ ಗೆರೆಗಳು ಕಾಣುವುದು ಎಲ್ಲ ಗೃಹಿಣಿಯರಿಗೂ ಗೊತ್ತು. ಬಿಳಿಯ ಭಾಗ ಭ್ರೂಣಕ್ಕೆ ಕೂಡಿಟ್ಟ ಆಹಾರ. ಪಿಷ್ಟ, ಕೊಬ್ಬು ಅಲ್ಲಿರುತ್ತವೆ. ಕಂದು ಗೆರೆಗಳು ಹೊರಗಿನ ಅಂಗಾಂಶ ಒಳಕ್ಕೆ ಮಡಿಚಿ ನುಗ್ಗಿದ ಜಾಗ. ಸುಗಂಧ ತೈಲದ ಕೋಶಗಳು ಆ ಮಡಿಕೆಗಳಲ್ಲಿವೆ. ಕಾಡಿನ ಬಂಧುಗಳ ಬೀಜದಲ್ಲಿಯೂ ಇಂಥ ಮಡಿಕೆಗಳಿವೆ, ಆದರೆ ಜಾಯಿಕಾಯಿಯ ಪರಿಮಳವಿಲ್ಲ.

ಪರಿಮಳದ ಈ ವ್ಯತ್ಯಾಸ ವ್ಯಾಪಾರಕ್ಕೆ ನೇರವಾಗಿ ಸಂಬಂಧಿಸಿದೆ. ರಾಮಪತ್ರೆ ವಿದೇಶಿ ವ್ಯಾಪಾರದಲ್ಲಿ ‘ಬಾಂಬೆ ಮೇಸ್’ ಎಂದು ಹೆಸರಾಗಿದೆ. ಜಾಯಿಪತ್ರೆಯ ಪುಡಿಗೆ ಅದನ್ನು ಕಲಬೆರಕೆ ಮಾಡುವುದು ಬಹಳ ಹಳೆಯ ದೂರು. ಪುಡಿಯಾದ ಮೇಲೆ ಸೀಳುಗಳ ಆಕಾರ ಉಳಿಯುವುದಿಲ್ಲ. ಆಗ ನೆರವಿಗೆ ಬರುವುದು ಅಂಗರಚನೆ. ಅಡ್ಡಸೀಳಿನಲ್ಲಿ ರಾಮಪತ್ರೆಯ ಹೊರಪದರದ ಕೋಶಗಳು ಕಿರಿದಾಗಿ ಎತ್ತರವಾಗಿರುತ್ತವೆ. ನಿಜವಾದ ಜಾಯಿಪತ್ರೆಯಲ್ಲಿ ಅವು ಅಗಲವಾಗಿ ತಗ್ಗಾಗಿರುತ್ತವೆ. ರಾಮಪತ್ರೆಯ ವರ್ಣಕೋಶಗಳಲ್ಲಿನ ಬಣ್ಣ ಕ್ಷಾರ ತಾಗಿದಾಗ ಕೆಂಪಾಗುತ್ತದೆ. ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯಗಳು ಈ ಎರಡು ಗುರುತುಗಳನ್ನು ಬಹುಕಾಲದಿಂದ ಬಳಸಿವೆ. ರಾಮಪತ್ರೆಯನ್ನು ರಾಮಪತ್ರೆಯೆಂದೇ ಮಾರುವುದರಲ್ಲಿ ತಪ್ಪಿಲ್ಲ. ಬಣ್ಣಕ್ಕೆ, ಔಷಧಿಗೆ ಅದಕ್ಕೆ ತನ್ನದೇ ಬೇಡಿಕೆಯಿದೆ. ಅದರಲ್ಲಿರುವ ಮಲಬಾರಿಕೋನ್ ಎಂಬ ರಾಸಾಯನಿಕಗಳ ಬಗೆಗೆ ಸಂಶೋಧನೆಗಳೂ ನಡೆದಿವೆ. ಬೆರಕೆಯಿಂದ ಹಾಳಾಗುವುದು ಎರಡೂ ಸರಕುಗಳ ಹೆಸರು, ಕೊನೆಗೆ ಕೊಯ್ಯುವವನ ದರ.

ಇನ್ನು ಕೊಯ್ಲಿನ ಮಾತು. ಬೇರೆಯವರು ಕೊಯ್ದುಬಿಟ್ಟಾರೆಂಬ ಆತುರದಲ್ಲಿ ಬಲಿಯದ ಕಾಯಿ ಕೊಯ್ಯುವುದು, ಕೊಂಬೆಯನ್ನೇ ಕಡಿದು ಕೆಡಹುವುದು ಹಲವೆಡೆ ನಡೆಯುತ್ತಿದೆ. ಬಲಿಯದ ಕಾಯಿಯ ಪತ್ರೆಗೆ ತೂಕವಿಲ್ಲ, ಅದರ ಬೀಜ ಮೊಳೆಯುವುದಿಲ್ಲ. ಬಣ್ಣದ ಪತ್ರೆ ಮರ ತನ್ನ ಬೀಜವನ್ನು ಒಯ್ಯುವವರಿಗೆ ಕೊಡುವ ಕೂಲಿ. ಮಂಗಟ್ಟೆ ಹಕ್ಕಿ, ದೊಡ್ಡ ಕಾಡುಪಾರಿವಾಳಗಳು ಪತ್ರೆಸಮೇತ ಬೀಜ ನುಂಗಿ, ಪತ್ರೆಯನ್ನು ಅರಗಿಸಿಕೊಂಡು ಬೀಜವನ್ನು ದೂರದಲ್ಲಿ ಉಗುಳುತ್ತವೆ. ಒಂದು ಪಾಲನ್ನಾದರೂ ಮರದ ಮೇಲೆ ಬಿಡದಿದ್ದರೆ ಹಕ್ಕಿಗೆ ಆಹಾರವಿಲ್ಲ, ಕಾನಿಗೆ ಮುಂದಿನ ಮರವಿಲ್ಲ.

ಬೇರು ತೋರುವ ನೆಲೆ

ಎಲ್ಲಕ್ಕಿಂತ ಬೆರಗು ಹುಟ್ಟಿಸುವ ವ್ಯತ್ಯಾಸ ಬೇರಿನಲ್ಲಿದೆ. ಮಲೆನಾಡಿನ ಕಣಿವೆಗಳಲ್ಲಿ ವರ್ಷವಿಡೀ ನೀರು ಜಿನುಗುವ ಜೌಗು ನೆಲಗಳಿವೆ. ಉತ್ತರ ಕನ್ನಡದ ಜನ ಅವನ್ನು ಜಡ್ಡಿ ಎನ್ನುತ್ತಾರೆ. ಕೇರಳದ ಇಂಥ ಜೌಗು ಕಾಡುಗಳನ್ನು ಕೃಷ್ಣಮೂರ್ತಿ ಎಂಬ ಅರಣ್ಯತಜ್ಞರು 1960ರಲ್ಲಿ ವಿವರಿಸಿದರು. 1968ರಲ್ಲಿ ಪ್ರಕಟವಾದ ಚಾಂಪಿಯನ್ ಮತ್ತು ಸೇಠ್ ಅವರ ಭಾರತೀಯ ಅರಣ್ಯ ವರ್ಗೀಕರಣದಲ್ಲಿ ‘ಮಿರಿಸ್ಟಿಕಾ ಜೌಗು ಅರಣ್ಯ’ಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗು ಕರ್ನಾಟಕದಲ್ಲಿ ಇದಕ್ಕೆ ಪ್ರಸಿದ್ಧ ಉದಾಹರಣೆ.

ಜೌಗಿನ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಸಾಮಾನ್ಯ ಮರದ ಬೇರು ಅಲ್ಲಿ ಉಸಿರುಗಟ್ಟಿ ಕೊಳೆಯುತ್ತದೆ. ದೊಡ್ಡೆಲೆ ರಾಮಪತ್ರೆ ಇದಕ್ಕೆ ಕಂಡುಕೊಂಡ ಉತ್ತರ ಊರುಗೋಲು ಬೇರು. ಕಾಂಡದಿಂದ ನೆಲಮಟ್ಟದ ಮೇಲೆಯೇ ಬೇರುಗಳು ಹೊರಟು, ಬಾಗಿ ಕೆಸರಿಗಿಳಿದು ಮರವನ್ನು ಹಿಡಿದು ನಿಲ್ಲಿಸುತ್ತವೆ. ಪಿಂಡಿಯ ಉತ್ತರ ಮಂಡಿಬೇರು. ಕೆಸರಿನೊಳಗೆ ಸಾಗುವ ಬೇರು ಅಲ್ಲಲ್ಲಿ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗಿಳಿಯುತ್ತದೆ. ಗಾಳಿಗೆ ತೆರೆದ ಭಾಗದ ತೊಗಟೆಯ ಮೇಲಿನ ಸಣ್ಣ ಗಂಟುಗಳಂಥ ಉಸಿರುಕಂಡಿಗಳ ಮೂಲಕ ಗಾಳಿ ಒಳಸೇರಿ, ಬೇರಿನೊಳಗಿನ ಗಾಳಿಗೂಡುಗಳ ಮೂಲಕ ಕೆಳಕ್ಕಿಳಿಯುತ್ತದೆ. ಒಂದೇ ಕಷ್ಟ; ಎರಡು ಬಂಧುಗಳು, ಎರಡು ದಾರಿ. ಇವೆರಡೂ ಜೌಗನ್ನು ಬಿಟ್ಟು ಬೇರೆಡೆ ನೆಲೆಯೂರುವುದು ವಿರಳ. ರಾಮಪತ್ರೆ ಜೌಗಿನ ಅಂಚಿನಲ್ಲಿಯೂ ಗಟ್ಟಿನೆಲದ ಕಾನಿನಲ್ಲಿಯೂ ಬೆಳೆಯುತ್ತದೆ. ರಕ್ತಮರ ಮತ್ತು ಬೆಡ್ಡೋಮಿ ಮುಖ್ಯವಾಗಿ ಗಟ್ಟಿನೆಲದ ನಿತ್ಯಹಸಿರು ಕಾಡಿನವು.

ಕಣಿವೆಯ ಜೌಗುಗಳಲ್ಲಿ ಬಹುಪಾಲು ಹಿಂದೆಯೇ ಗದ್ದೆ, ಅಡಿಕೆ ತೋಟಗಳಾಗಿ ಮಾರ್ಪಟ್ಟಿವೆ. ಉಳಿದ ಜಡ್ಡಿಗೆ ಕಾಲುವೆ ತೋಡಿ ನೀರು ಬಸಿದರೆ ಮಂಡಿಬೇರು, ಊರುಗೋಲು ಬೇರ��ಗಳ ಮರಗಳಿಗೆ ಮತ್ತೊಂದು ಮನೆಯಿಲ್ಲ. ಮ್ಯಾಗ್ನಿಫಿಕಾ ಅಳಿವಿನಂಚಿನ ಪ್ರಭೇದವೆಂದೂ, ಮಲಬಾರಿಕಾ ಅಪಾಯಕ್ಕೆ ಸುಲಭವಾಗಿ ಈಡಾಗುವ ಪ್ರಭೇದವೆಂದೂ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಸೇರಿವೆ. ಜಡ್ಡಿ ಹೋದರೆ ಕೆಳಗಿನ ತೋಟಗಳಿಗೆ ಬೇಸಿಗೆಯಲ್ಲಿ ನೀರುಣಿಸುವ ಹಳ್ಳದ ತಾಯಿಬೇರೂ ಹೋದಂತೆ.

ಹತ್ತಿರದ ಮರವೂ ಹೇಗೆ ಕಣ್ಣು ತಪ್ಪಿಸಬಲ್ಲದು ಎಂಬುದಕ್ಕೆ ಕತ್ತಲೆಕಾನಿನಲ್ಲಿಯೇ ನಿದರ್ಶನವಿದೆ. ಗೇರು ಕುಟುಂಬಕ್ಕೆ ಸೇರಿದ, ಜೌಗಿನಲ್ಲಿ ಬೆಳೆಯುವ ದೊಡ್ಡ ಮರವೊಂದು ವಿಜ್ಞಾನಕ್ಕೆ ಹೊಸ ಪ್ರಭೇದವೆಂದು ಪ್ರಕಟವಾದದ್ದು 2000ದಲ್ಲಿ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಅದರ ಹೆಸರಿನಲ್ಲಿ ಆ ಕಾನಿನ ಹೆಸರೇ ನೆಲೆಗೊಂಡಿದೆ. ಆ ಮರ ಅಲ್ಲಿ ತಲೆಮಾರುಗಳಿಂದ ನಿಂತಿತ್ತು. ಸಂಬಂಧಿಕ ಮರಗಳ ಜೊತೆಗಿಟ್ಟು ಹೋಲಿಸಿ ನೋಡುವ ಕಣ್ಣು ಬಿದ್ದ ಮೇಲೆ ಅದಕ್ಕೆ ಹೆಸರು ಬಂತು.

ಹೋಲಿಕೆಯಲ್ಲಿ ಎಚ್ಚರ

ಎಲ್ಲ ವ್ಯತ್ಯಾಸವೂ ಪ್ರಭೇದದ ವ್ಯತ್ಯಾಸವಲ್ಲ. ಒಂದೇ ಮರದಲ್ಲಿ ಬಿಸಿಲಿನ ಎಲೆ ಚಿಕ್ಕದಾಗಿ ದಪ್ಪವಾಗಿರುತ್ತದೆ, ನೆರಳಿನ ಎಲೆ ಅಗಲವಾಗಿ ತೆಳುವಾಗಿರುತ್ತದೆ. ಸಸಿಯ ಎಲೆ ಬಲಿತ ಮರದ ಎಲೆಗಿಂತ ದೊಡ್ಡದಿರಬಹುದು. ಚಿಗುರಿನಲ್ಲಿರುವ ರೋಮ ಬಲಿತಾಗ ಉದುರಬಹುದು. ಸೊಪ್ಪಿಗಾಗಿ ಕಡಿದ ಮರದ ಹೊಸ ಚಿಗುರಿನ ಎಲೆಗಳು ಮೋಸ ಮಾಡುತ್ತವೆ. ಆದ್ದರಿಂದ ಗಾತ್ರವೊಂದನ್ನೇ ನಂಬದೆ ಕೆಳಮೈಯ ಬಣ್ಣ, ರೋಮದ ಆಕಾರ, ನರಗಳ ದಟ್ಟಣೆ, ಹೂದೊಟ್ಟಿನ ಹುರುಪೆ, ಪತ್ರೆಯ ಸೀಳು, ಬೇರಿನ ರೂಪ ಇವುಗಳಲ್ಲಿ ಕನಿಷ್ಠ ಮೂರಾದರೂ ಒಂದೇ ಕಡೆ ಬೆರಳು ತೋರಿದಾಗ ಹೆಸರು ಬರೆಯಬೇಕು. ಒಂದು ಮರದಿಂದ ಒಂದೇ ಎಲೆಯನ್ನಲ್ಲದೆ ಮೇಲಿನ, ನಡುವಿನ, ಕೆಳಗಿನ ಕೊಂಬೆಗಳ ಎಲೆಗಳನ್ನು ನೋಡಬೇಕು. ಅನುಮಾನವಿದ್ದರೆ ‘ಹೂ ಬಿಟ್ಟಾಗ ಮತ್ತೆ ನೋಡುವುದು’ ಎಂದು ಬರೆದಿಡುವುದು ಅವಸರದ ಹೆಸರಿಗಿಂತ ಮೇಲು.

ತಿಳಿವಿನಿಂದ ಕಾರ್ಯಕ್ಕೆ

ಈ ಹೋಲಿಕೆಯಿಂದ ಊರು ಕೈಗೊಳ್ಳಬಹುದಾದ ಕೆಲಸಗಳು ದೊಡ್ಡ ಹಣ ಬೇಡುವಂಥವಲ್ಲ. ದಾಖಲಾತಿಯಲ್ಲಿ ಐದಕ್ಕೂ ಬೇರೆ ಬೇರೆ ಸಾಲು ಇರಲಿ. ಊರಿನವರು ಕರೆಯುವ ಹೆಸರು, ಸಸ್ಯಶಾಸ್ತ್ರೀಯ ಹೆಸರು, ಬೆಳೆಯುವ ಜಾಗ, ಗಂಡುಮರವೋ ಹೆಣ್ಣುಮರವೋ ಎಂಬ ವಿವರ ಅದರಲ್ಲಿ ಬರಲಿ. ಸಸ್ಯಪಾಲನೆಗೆ ಬೀಜ ತರುವವರು ತಾಯಿಮರವನ್ನು ಗುರುತಿಸಿಯೇ ತರಲಿ. ಈ ಬೀಜಗಳು ಒಣಗಿದರೆ ಬೇಗ ಜೀವ ಕಳೆದುಕೊಳ್ಳುತ್ತವೆ; ಪತ್ರೆ ಬಿಡಿಸಿದ ಬೀಜವನ್ನು ತಡಮಾಡದೆ ಬಿತ್ತಬೇಕು. ಜೌಗಿನ ಸಸಿಯನ್ನು ಒಣ ಗುಡ್ಡದಲ್ಲಿ ನೆಟ್ಟರೆ ಅದು ಸಾಯುತ್ತದೆ. ಗುಡ್ಡದ ಸಸಿಯನ್ನು ಜೌಗಿನಲ್ಲಿ ನೆಟ್ಟರೆ ಅದೂ ಸಾಯುತ್ತದೆ. ‘ರಾಮಪತ್ರೆ ಸಸಿ ನೆಟ್ಟರೂ ಬದುಕಲಿಲ್ಲ’ ಎಂಬ ಮಾತಿನ ಹಿಂದೆ ಇಂಥ ಅದಲುಬದಲು ಇದೆಯೇ ಎಂದು ಪರಿಶೀಲಿಸಬೇಕು.

ಕೃಷಿಕರಿಗೂ ಇದರಲ್ಲಿ ಲಾಭವಿದೆ. ಕಾಡಿನ ಬಂಧುಗಳ ಸಸಿಯ ಮೇಲೆ ಹೆಣ್ಣು ಜಾಯಿಕಾಯಿಯ ಕಸಿ ಕಟ್ಟುವ ಪದ್ಧತಿ ಬಳಕೆಗೆ ಬಂದಿದೆ. ಒಂದೇ ಕುಲದ ಬಂಧುಗಳಾದ್ದರಿಂದ ಎರಡರ ಬೆಳವಣಿಗೆಯ ಪದರ ಬೆಸೆದುಕೊಳ್ಳುತ್ತದೆ. ನೇರವಾಗಿ ಮೇಲೇರುವ ಚಿಗುರಿನಿಂದ ಕಸಿ ಕಟ್ಟಿದರೆ ಗಿಡ ಎತ್ತರಕ್ಕೆ ಬೆಳೆಯುತ್ತದೆ. ಅಡ್ಡಕೊಂಬೆಯಿಂದ ಕಟ್ಟಿದರೆ ಪೊದೆಯಂತೆ ಹರಡುತ್ತದೆ. ಬೇರುಗಿಡವಾಗಿ ಯಾವ ಬಂಧು ಯಾವ ನೆಲಕ್ಕೆ ಒಗ್ಗುತ್ತದೆಂಬುದು ತಿಳಿಯಬೇಕಾದರೂ ಮೊದಲು ಬಂಧುಗಳನ್ನು ಬೇರೆಬೇರೆಯಾಗಿ ಅರಿಯಬೇಕು. ಕಾನಿನಲ್ಲಿ ಒಂದು ಪ್ರಭೇದ ಅಳಿದರೆ ತೋಟಕ್ಕೆ ಒದಗಬಹುದಾಗಿದ್ದ ಆಸರೆಯೊಂದು ಅಳಿದಂತೆ.

ಸಿಂಗಳೀಕದ ನೆಲೆಯಾದ ಅಘನಾಶಿನಿ ಕಣಿವೆಯ ಕಾಡು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ವ್ಯಾಪ್ತಿಗೆ ಸೇರಿತು. ಸರ್ಕಾರದ ಘೋಷಣೆಗಳು ಗಡಿಗಳನ್ನು ಗುರುತಿಸುತ್ತವೆ. ಆ ಗಡಿಯ ಹೊರಗೆ, ಬೆಟ್ಟದ ಅಂಚಿನಲ್ಲಿ, ದೇವರಕಾಡಿನಲ್ಲಿ, ತೋಟದ ತಲೆಯ ಮೇಲಿನ ಪುಟ್ಟ ಜಡ್ಡಿಯಲ್ಲಿ ನಿಂತಿರುವ ಮರಗಳನ್ನು ಗುರುತಿಸಬಲ್ಲವರು ಅಲ್ಲಿಯ ನಿವಾಸಿಗಳು ಮಾತ್ರ. ಈ ಶಿಬಿರದಿಂದ ಹಿಂದಿರುಗುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಊರಿನ ಹಿರಿಯರೊಬ್ಬರ ಜೊತೆಗೂಡಿ, ಮುಂದಿನ ಹೂಗಾಲದೊಳಗೆ ತನ್ನ ಊರಿನ ಕೆಂಪುರಸದ ಮರಗಳ ಎಲೆಗಳನ್ನು ಮಗುಚಿ ನೋಡಲಿ. ಹಿರಿಯರು ಹೇಳುವ ಹೆಸರನ್ನೂ ಮಸೂರ ತೋರಿಸುವ ಗುರುತನ್ನೂ ಒಂದೇ ಪುಟದಲ್ಲಿ ಬರೆದಿಡಲಿ. ಆ ಪುಟಗಳನ್ನು ಜೀವವೈವಿಧ್ಯ ಸಮಿತಿಯ ಮುಂದಿಟ್ಟು, ಗಂಡುಮರಗಳಿಗೂ ಉಳಿದ ಜಡ್ಡಿಗಳಿಗೂ ಊರಿನ ರಕ್ಷಣೆ ದೊರೆಯುವಂತೆ ನಿರ್ಣಯ ಮಾಡಿಸಲಿ.